ಗ್ರೀಕರ ಪಿತೃಗಳೂ ಬದರೀನಾಥನೂ

ಬಂದವರನ್ನು ಕಾಯುವವನೂ ಹೊರಟವರಿಗೆ ದಾರಿ ತೋರುವವನೂ ಆದ ಶ್ರೀಹರಿಯ ಪಾದಗಳಿಗೆ ನಮಿಸಿ ಈ ಕತೆಗೆ ತೊಡಗುತ್ತೇನೆ.

ಅಮೆರಿಕದ ಮಾರಿಸ್‌ಟೌನಿನ ಸಮೀಪದ ಕಾಲೇಜೊಂದರಲ್ಲಿ ಪ್ರಾಚೀನ ಗ್ರೀಕ್ ಬೋಧಿಸುತ್ತಿದ್ದ ಅಶ್ವತ್ಥನಾರಾಯಣರ ಮನೆಗೆ ಧಾರವಾಡದ ಇಂಜಿನಿಯರ್ ಬದರೀನಾಥ ಎರಡು ದಿನಕ್ಕೆಂದು ಬಂದವನು, ಕೆಲಸ ಹುಡುಕುತ್ತ ಮೂರು ತಿಂಗಳು ಉಳಿದಿದ್ದ. ಅದೂ ಅವರ ಓದುವ ಕೋಣೆಯಲ್ಲಿ. ಮೇಷ್ಟ್ರು ಬಚ್ಚಲುಮನೆಯ ತೊಟ್ಟಿಯ ಅಂಚಿನ ಮೇಲೆ ಕುಳಿತು ಪಾಠ ಸಿದ್ಧಪಡಿಸುತ್ತಿದ್ದರು. ಅತಿಥಿಗೆ ‘ಹೊರಡು’ ಎನ್ನಲು ನಾಲಗೆ ಏಳದು.

1972ರ ಫೆಬ್ರವರಿಯ ಒಂದು ಬೆಳಿಗ್ಗೆ ಅವರಿಗೊಂದು ಉಪಾಯ ಹೊಳೆಯಿತು. ಪ್ರಾಚೀನ ಅಥೆನ್ಸಿನವರು ಇದೇ ಋತುವಿನಲ್ಲಿ, ತೀರಿಕೊಂಡವರ ಆತ್ಮಗಳು ಮನೆಗೆ ಬರುತ್ತವೆಂದು ನಂಬಿ, ಎಲ್ಲ ಧಾನ್ಯಗಳನ್ನೂ ಕೂಡಿಸಿ ಗಡಿಗೆಯಲ್ಲಿ ಬೇಯಿಸಿಟ್ಟು, ಕಡೆಗೆ “ಹೊರಡಿರಿ, ಹಬ್ಬ ಮುಗಿಯಿತು” ಎಂದು ಕೂಗಿ ಕಳುಹಿಸುತ್ತಿದ್ದರು.

“ಇವತ್ತು ನಮ್ಮನೇಲೂ ಆ ಹಬ್ಬ ಮಾಡೋಣ, ನಿರುಪಮಾ.”

“ರೀ, ಅವನಿಗೆ ಅರ್ಥ ಆಗತ್ತೆ ಅಂತೀರಾ?” ಎಂದರು ಹೆಂಡತಿ.

“ಸತ್ತೋರಿಗೇ ಅರ್ಥ ಆಗ್ತಿತ್ತು ಕಣೇ!”

ಸಂಜೆ ಗಡಿಗೆ ಇಳಿಯಿತು. ಸತ್ತವರಿಗೆ ಇಟ್ಟದ್ದನ್ನು ಬದುಕಿರುವವರು ಮುಟ್ಟಬಾರದೆಂದು ಮೇಷ್ಟ್ರು ಹೇಳುವಷ್ಟರಲ್ಲಿ ಬದರೀನಾಥ ಎರಡನೆಯ ಸಲ ಬಡಿಸಿಕೊಂಡಿದ್ದ.

“ಹುಗ್ಗಿ ಭಾರಿ ಆಗೇದ ನೋಡ್ರಿ ವೈನಿ! ಆಮ್ಯಾಲೆ ನಂದೂ ಒಂದು ಸುದ್ದಿ ಹೇಳೋದದ.”

“ಮೊದಲು ಇದನ್ನ ಕೇಳಪ್ಪ,” ಎಂದರು ಮೇಷ್ಟ್ರು. “ಕೂಗಿದ ಮೇಲೆ ಹೊರಗೆ ಹೋದೋರು ಮತ್ತೆ ತಟ್ಟಿದ್ರೆ ಬಾಗಿಲು ತೆಗೆಯೋ ಹಾಗಿಲ್ಲ. ಯಾರ ಧ್ವನೀಲಿ ಕರೆದ್ರೂ ಸರಿ.” ಈ ಕೊನೆಯ ನಿಯಮ ಯಾವ ಗ್ರಂಥದಲ್ಲೂ ಇರಲಿಲ್ಲ, ಸೂಚನೆ ಚುರುಕಾಗಲೆಂದು ಅವರೇ ಸೇರಿಸಿದ್ದು.

ಬಾಗಿಲು ತೆರೆದು, ಅತಿಥಿಯನ್ನೇ ದಿಟ್ಟಿಸಿ, “ಹೊರಡಿರಿ! ಹಬ್ಬ ಮುಗಿಯಿತು!” ಎಂದು ಕೂಗಿದರು. ಬದರೀನಾಥ ತಿರುಗಿ ತನ್ನ ಬೆನ್ನ ಹಿಂದೆ ನೋಡಿದ.

“ಯಾರೂ ಅಲುಗಾಡವಲ್ರು ಸರ. ನೀವ ಮುಂದ ನಿಂತು ದಾರಿ ತೋರಸ್ರಿ.”

ಮೇಷ್ಟ್ರು ಪಂಚೆಯಲ್ಲೇ, ಬರಿಗಾಲಲ್ಲಿ ಹಿಮದ ಮೇಲಿಳಿದು ಕೈಬೀಸಿ ತೋರಿಸಿದರು. ಬಾಗಿಲು ಧಡ್ಡೆಂದು ಮುಚ್ಚಿತು, ಚಿಲಕ ಬಿತ್ತು.

“ಬದರಿ, ನಾನಪ್ಪಾ! ಬಾಗಿಲು ತೆಗಿ!”

“ವೈನಿ, ತೆಗೀಬ್ಯಾಡ್ರಿ!” ಎಂಬ ಕೂಗು ಒಳಗಿನಿಂದ ಬಂತು. “ಥೇಟ್ ಸರ್ ಧ್ವನಿ!”

ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಕಿಟಕಿ ಎತ್ತಿ, ಹೆಂಡತಿ ಹೊರಹಾಕಿದಳೇ ಎಂದು ಕನಿಕರದಿಂದ ವಿಚಾರಿಸಿದಳು. ಮೇಷ್ಟ್ರು ಕೊಕ್ಕರೆಯಂತೆ ಒಂದೊಂದೇ ಕಾಲೆತ್ತುತ್ತ ಹಿತ್ತಿಲಿಗೆ ಸುತ್ತಿ ಬಂದರು. ನಿರುಪಮಾ ಅಡುಗೆಮನೆಯ ಬಾಗಿಲು ತೆರೆದರು.

ಬದರೀನಾಥ ಬೆವರೊರೆಸಿಕೊಳ್ಳುತ್ತ ಫೋನು ಕೆಳಗಿಟ್ಟ. “ಬಂದ್ರ್ಯಾ ಸರ? ನೀವು ಹಿಂದಿಂದ ಬರೂದ್ರಾಗ ಮುಂದ ಒಂದು ಬಂದು ನಿಮ್ಮ ಧ್ವನೀಲೇ ಅತ್ತು ಹೋತ್ರಿ!”

“ಅದಿರಲಿ. ಏನೋ ಸುದ್ದಿ ಅಂದ್ಯಲ್ಲ?”

“ಶಿಕಾಗೋದಾಗ ಕೆಲಸ ಸಿಕ್ಕಿತ್ತು, ನಾಳೆ ಹೊರಡಾಂವ ಇದ್ದೆ. ಇಂಥಾ ಮನ್ಯಾಗ ನಿಮ್ಮಿಬ್ಬರನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಒಲ್ಲೆ ಅಂತ ಈಗಷ್ಟ ಫೋನ್ ಮಾಡಿ ಹೇಳಿದೆ.”

ಮೇಷ್ಟ್ರು ಗಡಿಗೆಯ ತಳ ಕೆರೆದು ಒಂದು ತುತ್ತು ಉಂಡರು. ರುಚಿಯಾಗಿತ್ತು. ನಕ್ಕು, ಪುಸ್ತಕವೆತ್ತಿಕೊಂಡು ಬಚ್ಚಲುಮನೆಗೆ ನಡೆದರು.

ಇದನ್ನು ಕೇಳಿದವರೆಲ್ಲರ ಪಿತೃಗಳು ತೃಪ್ತರಾಗಲಿ, ಅತಿಥಿಗಳು ಸುಖವಾಗಿರಲಿ, ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಇರಲಿ.