ಕೆಂಪು ಡ್ರಮ್ಮಿನ ಕಾಣೆಯಾದ ಬ್ರಾಕೆಟ್ಟನ್ನು ಗುರುತಿಸಿ ಹೊಂದಿಸುವ ಕುರಿತು

ಸ್ಟರ್ಜನ್ ಫೋರ್ಕ್ ಪಟ್ಟಣ, ವಿಸ್ಕಾನ್ಸಿನ್
ನೃತ್ಯಮಂದಿರ ಹಾಗೂ ಹಳೆಯ ವಾದ್ಯಗಳ ಪಾಲನಾ ಇಲಾಖೆ

ಸಂಖ್ಯೆ: ನೃಮಂ/ಹವಾ/ಬ್ರಾಕೆಟ್/41/1998
ದಿನಾಂಕ: 11 ಜೂನ್ 1998, ಗುರುವಾರ

ಸುತ್ತೋಲೆ

ವಿಷಯ: ಹಳೆಯ ಡ್ರಮ್ ಸೆಟ್ಟುಗಳ ಬ್ರಾಕೆಟ್ಟು, ಸ್ಕ್ರೂ, ನಟ್ಟು ಇತ್ಯಾದಿಗಳು ಯಾವ ಡ್ರಮ್ಮಿಗೆ ಸೇರಿದವೆಂದು ಗುರುತಿಸುವ ಬಗ್ಗೆ.

ಉಲ್ಲೇಖ:
1. ಮಂದಿರದ ಮೇಲ್ವಿಚಾರಕ ಶ್ರೀ ಆಗಸ್ಟ್ ಬಾರ್ಟ್ಜ್ ಅವರ ಮೌಖಿಕ ತಪ್ಪೊಪ್ಪಿಗೆ, ದಿ. 1 ಜೂನ್.
2. ಪೋಲ್ಕಾ ಕುಣಿತದ ಮೇಳದ ಡ್ರಮ್ ವಾದಕಿ ಶ್ರೀಮತಿ ಬರ್ನಡೀನ್ ಲೆಮೆನ್ಸ್ ಅವರು ಈ ಕಚೇರಿಯ ಬಾಗಿಲನ್ನು ಎಳೆದುಕೊಂಡು ಹೋದ ಸದ್ದು, ದಿ. 2 ಜೂನ್ (ಕಡತಕ್ಕೆ ಲಗತ್ತಿಸಲು ಸಾಧ್ಯವಾಗಿಲ್ಲ).

ಪ್ರಸ್ತಾವನೆ:

ಮೇ ತಿಂಗಳಲ್ಲಿ ಮಂದಿರಕ್ಕೆ ಬಣ್ಣ ಬಳಿಯುವ ಸಲುವಾಗಿ ಪಟ್ಟಣದ ಸ್ವತ್ತಾದ ಮೂರು ಡ್ರಮ್ ಸೆಟ್ಟುಗಳನ್ನು, ಅಂದರೆ ಕೆಂಪು, ನೀಲಿ, ಬಿಳಿ, ಬಿಚ್ಚಿಡಲಾಗಿತ್ತು. ಬಿಚ್ಚಿದ ಲೋಹದ ಸಾಮಾನನ್ನು ಊರಿನ ವಾಡಿಕೆಯಂತೆ ಮೂರು ಖಾಲಿ ಐಸ್‌ಕ್ರೀಮ್ ಬಕೆಟ್ಟುಗಳಲ್ಲಿ ಬೇರೆ ಬೇರೆಯಾಗಿ ಇಡಲಾಗಿತ್ತು. ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ.

ಮಂದಿರದಲ್ಲಿ ಪ್ರತಿ ಶುಕ್ರವಾರ ನಡೆಯುವ ಮೀನೂಟಕ್ಕೆ ಮೇ 29ರಂದು ನಿರೀಕ್ಷೆ ಮೀರಿ ಜನ ಬಂದು, ಮೀನಿಗೆ ನಂಚಿಕೊಳ್ಳುವ ಟಾರ್ಟರ್ ಸಾಸ್ ಕಲಸಲು ಪಾತ್ರೆ ಸಾಲದೆ, ಶ್ರೀ ಬಾರ್ಟ್ಜ್ ಅವರು ಮೂರೂ ಬಕೆಟ್ಟಿನ ಸಾಮಾನನ್ನು ಒಂದಕ್ಕೇ ಸುರಿದು ಉಳಿದೆರಡನ್ನು ಅಡುಗೆಮನೆಗೆ ಕೊಟ್ಟಿರುತ್ತಾರೆ. ಈ ಬಗ್ಗೆ ಅವರು ಗುಮಾಸ್ತ ಎಲ್ರಾಯ್ ಟೆಶ್ ಅವರಿಗೆ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಏನ್ ಮಾಡ್ಲಿ ಎಲ್ರಾಯ್, ನೂರಾ ನಲವತ್ತು ಜನ ತಟ್ಟೆ ಹಿಡ್ಕೊಂಡು ನಿಂತಿದ್ರು. ಕಬ್ಬಿಣ ಕಬ್ಬಿಣದ ಜೊತೆ ಇದ್ರೆ ಏನ್ ಹಳಸಿ ಹೋಗುತ್ತಾ?"

ಈಗ ಒಂದೇ ಬಕೆಟ್ಟಿನಲ್ಲಿ ಇನ್ನೂರ ಆರು ಬಿಡಿಭಾಗಗಳಿವೆ. ಮನೆಯಲ್ಲಿ ಮಕ್ಕಳ ಊಟದ ಡಬ್ಬಿಗಳು ಹನ್ನೆರಡಿದ್ದೂ ಒಂದಕ್ಕೂ ಅದರದೇ ಮುಚ್ಚಳ ಸಿಗದಿರುವ ಪರಿಸ್ಥಿತಿಗೆ ಇದನ್ನು ಹೋಲಿಸಬಹುದು. ಅದರಲ್ಲೂ, 1964ರ ಕೆಂಪು ಸೆಟ್ಟಿನಲ್ಲಿ ದೊಡ್ಡ ಡ್ರಮ್ಮಿನ ಬೆನ್ನ ಮೇಲೆ ಸಣ್ಣ ಡ್ರಮ್ಮನ್ನು ಕೂರಿಸುವ ಮುಖ್ಯ ಬ್ರಾಕೆಟ್ಟೇ ಬಕೆಟ್ಟಿನಲ್ಲಿಲ್ಲ. ಶನಿವಾರ ಸಂಜೆ ವಾರ್ಷಿಕ ಕುಣಿತ. ಮೂವತ್ತನಾಲ್ಕು ವರ್ಷಗಳಿಂದ ಆ ಕುಣಿತಕ್ಕೆ ಆ ಸೆಟ್ಟನ್ನು ಶ್ರೀಮತಿ ಲೆಮೆನ್ಸ್ ಅವರೇ ಬಾರಿಸುತ್ತ ಬಂದಿದ್ದಾರೆ.

ಆದುದರಿಂದ ಎಲ್ಲರೂ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ:

1. ಗುರುತು ಸಿಗದ ಯಾವುದೇ ಭಾಗವನ್ನು ಯಾವುದೇ ಡ್ರಮ್ಮಿಗೆ ಬಿಗಿಯತಕ್ಕದ್ದಲ್ಲ. ಗುರುತಿಸುವ ಕ್ರಮ: (ಅ) ಡ್ರಮ್ಮಿನ ತೂತುಗಳ ನಡುವಿನ ಅಂತರವನ್ನು ಎಣ್ಣೆ ಕಾಗದದ ಮೇಲೆ ಗುರುತು ಹಾಕಿ ಭಾಗದೊಂದಿಗೆ ತಾಳೆ ನೋಡುವುದು, (ಆ) ಹಳೆಯ ಬ್ರಾಕೆಟ್ಟು ಕುಳಿತಿದ್ದ ಜಾಗದಲ್ಲಿ ಬಣ್ಣ ಮಾಸದೆ ಉಳಿದಿರುವ ನೆರಳಿನ ಆಕಾರವನ್ನು ನೋಡುವುದು, (ಇ) ಲೇಪನ ನಿಕ್ಕಲ್ಲಿನದಾದರೆ ಹಳದಿ ಛಾಯೆ, ಕ್ರೋಮಿನದಾದರೆ ನೀಲಿ ಛಾಯೆ ಇದೆಯೇ ಎಂದು ಕಿಟಕಿಯ ಬಳಿ ನೋಡುವುದು. ನಾಲಿಗೆಯಿಂದ ನೆಕ್ಕಿ ನಿಕ್ಕಲ್ ಪತ್ತೆ ಹಚ್ಚುವ ಶ್ರೀ ಬಾರ್ಟ್ಜ್ ಅವರ ವಿಧಾನವನ್ನು ಈ ಕ್ಷಣದಿಂದ ನಿಲ್ಲಿಸಲಾಗಿದೆ.

2. ಹೊಂದಾಣಿಕೆಯನ್ನು ಮೂರು ದರ್ಜೆಗಳಲ್ಲಿ ನಮೂದಿಸುವುದು: ಸ್ವಂತ ಮಗು; ದಾಯಾದಿ (ಅದೇ ಕಾರ್ಖಾನೆ, ಬೇರೆ ವರ್ಷ); ಪಕ್ಕದ ಮನೆಯವರು (ಬೇರೆ ಕಾರ್ಖಾನೆ, ಆದರೂ ಹೇಗೋ ಕೂರುತ್ತದೆ). "ಸುತ್ತಿಗೇಲಿ ಒಂದೇಟು ಕೊಟ್ರೆ ಕೂರುತ್ತೆ" ಎಂಬುದು ದರ್ಜೆಯಲ್ಲ.

3. ಹೊಸ ತೂತು ಕೊರೆಯುವುದನ್ನು ನಿಷೇಧಿಸಿದೆ. ಈಗಾಗಲೇ ಇರುವ, ಆದರೆ ಯಾವ ಕೆಲಸಕ್ಕೂ ಬಾರದ ನಾಲ್ಕು ತೂತುಗಳನ್ನು ದಾಸ್ತಾನು ಪುಸ್ತಕದಲ್ಲಿ ಸೇರಿಸಿ, ಪ್ರತಿ ವರ್ಷ ಅವು ಅಲ್ಲೇ ಇವೆಯೆಂದು ಬೆರಳಿಟ್ಟು ದೃಢೀಕರಿಸುವುದು. ಬೆರಳು ಸಿಕ್ಕಿಹಾಕಿಕೊಂಡಲ್ಲಿ ಇಲಾಖೆ ಹೊಣೆಯಲ್ಲ.

4. ಬೆರಳಲ್ಲೇ ತಿರುಗಿಸಲು ಎರಡು ರೆಕ್ಕೆಗಳಿರುವ ವಿಂಗ್ ನಟ್ಟುಗಳು ಜೋಡಿಯಾಗಿಯೇ ಇರತಕ್ಕದ್ದು. ಒಂಟಿ ನಟ್ಟಿಗೆ ಜೋಡಿ ಹೊಂದಿಸುವ ಮೊದಲು ಹದಿನಾಲ್ಕು ದಿನ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಇದ್ದವರಿಂದ ಅದನ್ನು ಲಿಖಿತವಾಗಿ ಪಡೆಯುವುದು. ಎರಡೂ ನಟ್ಟುಗಳ ವಯಸ್ಸಿನ ಅಂತರ ಹತ್ತು ವರ್ಷ ಮೀರದಿದ್ದರೆ ಉತ್ತಮ.

5. ಅಂಟುಪಟ್ಟಿಯು ಲೋಹದ ಭಾಗವಲ್ಲ. ಆದಾಗ್ಯೂ, ಬಿಳಿ ಸೆಟ್ಟಿಗೆ 1971ರಲ್ಲಿ ಸುತ್ತಿದ ಅಂಟುಪಟ್ಟಿಯು ಸೇವಾ ಹಿರಿತನ ಗಳಿಸಿರುವುದರಿಂದ ಅದನ್ನು ಮೂಲ ಭಾಗವೆಂದೇ ಪರಿಗಣಿಸಲಾಗಿದೆ.

6. ಡ್ರಮ್ಮಿನ ಬ್ರಾಕೆಟ್ಟನ್ನು ಟವೆಲ್ ನೇತುಹಾಕಲು, ದೋಣಿಯಲ್ಲಿ ಗಾಳದ ಕೋಲು ನಿಲ್ಲಿಸಲು ಅಥವಾ ಬೇರಾವುದೇ ವಸ್ತುವನ್ನು ಎತ್ತಿ ಹಿಡಿಯಲು ಬಳಸಿರುವವರು ತಕ್ಷಣ ಹಿಂದಿರುಗಿಸತಕ್ಕದ್ದು. ಅದು ಎತ್ತಿ ಹಿಡಿದಿದ್ದ ವಸ್ತುವಿಗೆ ಮೊದಲು ಬದಲಿ ಆಧಾರ ಒದಗಿಸದೆ ಬ್ರಾಕೆಟ್ಟನ್ನು ಬಿಚ್ಚತಕ್ಕದ್ದಲ್ಲ.

7. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಬ್ರಾಕೆಟ್ಟು ಸಿಕ್ಕಿ, ಅದು "ಸ್ವಂತ ಮಗು" ಎಂದು ಮೂವರು ಸದಸ್ಯರ ಸಮಿತಿ ಸಹಿ ಮಾಡದಿದ್ದಲ್ಲಿ, ಕೆಂಪು ಸೆಟ್ಟನ್ನು ಅಪೂರ್ಣವೆಂದು ಘೋಷಿಸಿ ಶನಿವಾರ ಬೆಳಿಗ್ಗೆ ಹರಾಜಿಗಿಡಲಾಗುವುದು. ಕುಣಿತಕ್ಕೆ ತಾಳದ ಯಂತ್ರವನ್ನು ಬಳಸಲಾಗುವುದು. ಸಮಿತಿಯು ಪ್ರತಿ ತಿಂಗಳ ಕೊನೆಯ ಮಂಗಳವಾರ ಸೇರುತ್ತದೆ.

ಈ ಕಂಡಿಕೆಯ ಬಗ್ಗೆ ಶ್ರೀಮತಿ ಲೆಮೆನ್ಸ್ ಅವರ ಅಭಿಪ್ರಾಯ ಕೇಳಲಾಗಿ: "ತಾಳದ ಯಂತ್ರಾನಾ? ಎಲ್ರಾಯ್ ಟೆಶ್, ನಿಮ್ಮಪ್ಪ ಅಮ್ಮ ಮದ್ವೇಲಿ ಕುಣಿದಿದ್ದು ಇದೇ ಕೆಂಪು ಡ್ರಮ್ಮಿಗೆ ಕಣೋ. ನಿಮ್ಮಪ್ಪ ಹೆಜ್ಜೆ ತಪ್ಪಿದಾಗೆಲ್ಲ ನಾನು ತಾಳ ನಿಧಾನ ಮಾಡಿ ಅವನ ಮಾನ ಉಳಿಸ್ದೆ. ಯಂತ್ರ ಮಾಡುತ್ತಾ ಅದನ್ನ?" ಅಭಿಪ್ರಾಯವನ್ನು ಪರಿಶೀಲಿಸಲಾಯಿತು. ಯಂತ್ರ ಹಾಗೆ ಮಾಡುವುದಿಲ್ಲ. ನಿಯಮದಲ್ಲಿ ಅದಕ್ಕೆ ಅವಕಾಶವೂ ಇಲ್ಲ.

8. ಮಂದಿರದ ಹಳೆಯ ನಡಾವಳಿಯಂತೆ, ಈ ಸುತ್ತೋಲೆಯು ಸೂಚನಾ ಫಲಕದ ಮೇಲಿದ್ದು ಆ ಫಲಕವು ನೆಲ ಮುಟ್ಟದೆ ಇರುವಷ್ಟು ಕಾಲ ಮಾತ್ರ ಜಾರಿಯಲ್ಲಿರುತ್ತದೆ.

ಸೇರ್ಪಡೆ (12 ಜೂನ್ 1998, ಶುಕ್ರವಾರ):

ಇಂದು ಸಂಜೆ 4 ಗಂಟೆ 35 ನಿಮಿಷಕ್ಕೆ ಶ್ರೀಮತಿ ಲೆಮೆನ್ಸ್ ಅವರು ಎರಡು ಪೊಟ್ಟಣ ಕರಿದ ಮೀನಿನೊಂದಿಗೆ ಬಂದು, ಸುತ್ತೋಲೆಯನ್ನು ಓದಲು ಫಲಕದ ಮುಂದೆ ನಿಂತು, ಮೊದಲ ಕಂಡಿಕೆ ಮುಗಿಸುವ ಮುನ್ನವೇ ಕತ್ತೆತ್ತಿ, ಫಲಕವು ಯಾವುದರಿಂದ ತೂಗುತ್ತಿದೆ ಎಂಬುದನ್ನು ಕಂಡಿರುತ್ತಾರೆ.

ವಿಚಾರಿಸಲಾಗಿ ಶ್ರೀ ಬಾರ್ಟ್ಜ್ ಅವರು, "ಬಣ್ಣ ಬಳಿದ್ಮೇಲೆ ಹಳೇ ಕೊಂಡಿ ಸಿಗ್ಲಿಲ್ಲ. ಇದು ಗಟ್ಟಿಯಾಗಿತ್ತು, ಸ್ಕ್ರೂ ಹಾಕಿ ಗೋಡೆಗೆ ಬಿಗಿದೆ" ಎಂದು ಅಡುಗೆಮನೆಯಿಂದಲೇ ಕೂಗಿ ತಿಳಿಸಿರುತ್ತಾರೆ. ಹತ್ತು ದಿನ ಬಕೆಟ್ಟು ಕೆದಕಿದ ಗುಮಾಸ್ತ ಎಲ್ರಾಯ್ ಟೆಶ್ ಅವರು ಪ್ರತಿದಿನ ಈ ಬ್ರಾಕೆಟ್ಟಿನ ಅಡಿಯಲ್ಲೇ ಟೋಪಿ ತೆಗೆದು ಒಳಗೆ ಬರುತ್ತಿದ್ದರೆಂಬುದನ್ನು ದಾಖಲಿಸುವ ಅಗತ್ಯವಿಲ್ಲ.

ಮೀನು ಸುತ್ತಿದ್ದ ಎಣ್ಣೆ ಕಾಗದವನ್ನೇ ಬಿಚ್ಚಿ ಕಂಡಿಕೆ 1(ಅ)ರಂತೆ ತೂತುಗಳನ್ನು ತಾಳೆ ನೋಡಲಾಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಡ್ರಮ್ಮಿನ ಮೇಲಿನ ನೆರಳೂ ಇದರದೇ. ಕಂಡಿಕೆ 6ರ ಪ್ರಕಾರ ಫಲಕಕ್ಕೆ ಬದಲಿ ಆಧಾರ ಒದಗಿಸಬೇಕಾಗಿತ್ತು. ಲಭ್ಯವಿದ್ದ ಏಕೈಕ ಆಧಾರ ಗುಮಾಸ್ತರು. ಅವರು ಎರಡೂ ಕೈಗಳಿಂದ ಫಲಕವನ್ನು ತಲೆಯ ಮೇಲೆ ಎತ್ತಿ ಹಿಡಿದರು. ಶ್ರೀಮತಿ ಲೆಮೆನ್ಸ್ ಅವರು ಪರ್ಸಿನಿಂದ ಹತ್ತು ಸೆಂಟಿನ ನಾಣ್ಯ ತೆಗೆದು, ಸ್ಕ್ರೂಗಳನ್ನು ಅದರಿಂದಲೇ ತಿರುಗಿಸಿ, ಬ್ರಾಕೆಟ್ಟನ್ನು ಬಿಚ್ಚಿಕೊಂಡರು.

ಬ್ರಾಕೆಟ್ಟು ಸಿಕ್ಕಿತು. ಸಮಿತಿಯ ಸಹಿ ಸಿಗಲಿಲ್ಲ. ಗಂಟೆ 4-52. ಫಲಕ ಗುಮಾಸ್ತರ ಕೈಯಲ್ಲಿತ್ತು, ಸುತ್ತೋಲೆ ಅವರ ಮೂಗಿನ ಮುಂದಿತ್ತು, ಕಂಡಿಕೆ 7 ಜಾರಿಯಲ್ಲಿತ್ತು. ಹನ್ನೊಂದು ವರ್ಷಗಳ ಸೇವೆಯಲ್ಲಿ ಅವರು ಯಾವ ಸುತ್ತೋಲೆಯನ್ನೂ ಕೆಳಗೆ ಬಿಟ್ಟವರಲ್ಲ.

ಆ ಸಂದರ್ಭದಲ್ಲಿ ನಡೆದ ಮಾತು:

"ಎಂಟನೇದು ಓದಿದ್ಯಾ ಎಲ್ರಾಯ್?"

"ನಾನೇ ಬರ್ದಿದ್ದು, ಮಿಸೆಸ್ ಲೆಮೆನ್ಸ್."

"ಮತ್ತೆ ಕೈ ಬಿಡಪ್ಪ. ಮೀನು ಆರೋಗ್ತಿದೆ."

4 ಗಂಟೆ 58 ನಿಮಿಷಕ್ಕೆ ಫಲಕವು ನೆಲ ಮುಟ್ಟಿರುತ್ತದೆ. ಗಾಳಿಯ ಕಾರಣ ಎಂದು ನಮೂದಿಸಲಾಗಿದೆ. ಕಿಟಕಿಗಳು ಮುಚ್ಚಿದ್ದವು.

ಕೆಂಪು ಸೆಟ್ಟು ನಾಳೆ ಸಂಜೆ ಏಳಕ್ಕೆ ವೇದಿಕೆಯ ಮೇಲಿರುತ್ತದೆ. ಹೆಜ್ಜೆ ತಪ್ಪುವವರು ನಿರ್ಭಯವಾಗಿ ಬರಬಹುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.

ಸಹಿ/-
(ಎಲ್ರಾಯ್ ಟೆಶ್)
ಪ್ರಭಾರ ಗುಮಾಸ್ತ
(ತೋಳು ನೋವಿನ ನಿಮಿತ್ತ ಸಹಿ ಓರೆಯಾಗಿದೆ)

ಪ್ರತಿಗಳು:
1. ಶ್ರೀಮತಿ ಬರ್ನಡೀನ್ ಲೆಮೆನ್ಸ್, ಮಾಹಿತಿಗಾಗಿ, ಮೀನಿಗೆ ವಂದನೆಗಳೊಂದಿಗೆ.
2. ಶ್ರೀ ಆಗಸ್ಟ್ ಬಾರ್ಟ್ಜ್, ಒಂದು ಕೊಂಡಿ ಖರೀದಿಸುವ ಕೋರಿಕೆಯೊಂದಿಗೆ.
3. ಮೂವರು ಸದಸ್ಯರ ಸಮಿತಿ, ಕೊನೆಯ ಮಂಗಳವಾರ ಓದಿ ಆಶ್ಚರ್ಯಪಡಲು.
4. ಅಡುಗೆಮನೆ, ಎರಡು ಬಕೆಟ್ಟುಗಳನ್ನು ತೊಳೆದು ಹಿಂದಿರುಗಿಸಲು.
5. ಸಹಿದಾರರ ತಂದೆ, ನಾಳೆ ಏಳಕ್ಕೆ, ಬೂಟು ಹಾಕಿಕೊಂಡು.
6. ಸೂಚನಾ ಫಲಕ (ನೆಲದ ಮೇಲೆ, ಓದುವವರು ಬಗ್ಗುವುದು).
7. ಕಚೇರಿ ಕಡತ.