ತುಳಸಿಕಟ್ಟೆಗೆ ಕೊಟ್ಟ ಅರ್ಥಿಂಗು

“ಇನ್ನು ಈ ಮನೆಗೆ ಬಾಡಿಗೆ ಮೈಕ್ ಬರುವುದಿಲ್ಲ! ಬಂದರೆ ತೋಡಾರು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವುದನ್ನೇ ಬಿಟ್ಟುಬಿಡ್ತೇನೆ!”

ಹೀಗೆ ನಾನು ಘರ್ಜಿಸಿದ್ದು 1964ರ ದೀಪಾವಳಿಯ ಮರುದಿನ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು. ಕೇಳಿಸಿಕೊಂಡವಳು ನನ್ನ ಹೆಂಡತಿ ಪ್ರೇಮಾವತಿ ಒಬ್ಬಳೇ. ಅವಳೂ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಹಾಗಾದ್ರೆ ತುಳಸಿಪೂಜೆಗೆ ಮೈಕ್ ಇಲ್ಲ. ಒಳ್ಳೇದಾಯ್ತು.”

“ಇಲ್ಲ ಅಂತ ಯಾರು ಹೇಳಿದ್ದು? ನಾನೇ ಮಾಡ್ತೇನೆ, ಆಂಪ್ಲಿಫೈಯರ್!”

“ಕರೆಂಟು ಬಂದ ವಾರವೇ ಕರೆಗಂಟೆ ಮಾಡಿದ್ರಿ. ಇವತ್ತಿಗೂ ಮಾಡಿನ ಮೇಲೆ ಕಾಗೆ ಕೂತ್ರೆ ಸಾಕು, ಬಡ್ಕೊಳ್ತದೆ. ನಾನು ಓಡಿಹೋಗಿ ಬಾಗಿಲು ತೆಗೆಯೂದು!”

ಇಂಥ ಕುಹಕಕ್ಕೆಲ್ಲ ಜಗ್ಗುವ ಆಸಾಮಿ ನಾನಲ್ಲ. ಅದೂ ಅಲ್ಲದೆ ಈ ಸಲದ ತುಳಸಿಪೂಜೆ ಅಂತಿಂಥ ಪೂಜೆಯಲ್ಲ. ನನ್ನ ತಂಗಿ ನೀಲಾವತಿಯನ್ನು ಕೇಳಿಕೊಂಡು ಮುಂಡಾಜೆಯವರು ಅದೇ ದಿನ ಬರುವವರಿದ್ದರು. ಹುಡುಗ ಬಂದು ನೋಡಿಹೋಗಿ ಆಗಿತ್ತು. ಅದುವರೆಗೆ ಬಂದ ಸಂಬಂಧಗಳಿಗೆಲ್ಲ ಮುಖ ತಿರುಗಿಸಿ ಕೂತಿದ್ದ ನೀಲಾವತಿ ಈ ಸಲ “ಆಗಬಹುದು” ಎಂದು ಹೇಳಿ ಒಳಗೆ ಓಡಿದ್ದಳು. ಇನ್ನು ಹುಡುಗನ ತಾಯಿ ಸೇಸಮ್ಮ, ಸೋದರಮಾವ ನೋಣಯ್ಯ, ಇಬ್ಬರೂ ಬಂದು ವೀಳ್ಯ ಬದಲಾಯಿಸಿಕೊಂಡರೆ ಮುಗಿಯಿತು. ನಮ್ಮಲ್ಲಿ ಸೋದರಮಾವ ಗೋಣು ಹಾಕದೆ ಮದುವೆಯ ಚಪ್ಪರಕ್ಕೆ ಗುಂಡಿ ಸಹ ತೋಡುವಂತಿಲ್ಲ. ಅಂಥ ಬೀಗರು ಬಸ್ಸು ಇಳಿಯುವಾಗಲೇ ನಮ್ಮ ಮನೆಯ ಭಜನೆ ಅವರ ಕಿವಿಗೆ ಬೀಳಬೇಕು ಎಂಬುದು ನನ್ನ ಮಹತ್ವಾಕಾಂಕ್ಷೆ!

ಮೂಡಬಿದ್ರೆ ಪೇಟೆಯ ಮಮ್ಮುವಿನ ಗುಜರಿ ಅಂಗಡಿಗೆ ಹೋದೆ. ಸತ್ತುಹೋದ ಒಂದು ರೇಡಿಯೋದ ವಾಲ್ವುಗಳು, ಹಳೆಯ ಟೆಲಿಫೋನಿನ ಬಾಯಿ, ಅಂಚು ಹರಿದ ಸ್ಪೀಕರ್, ಎಲ್ಲವನ್ನೂ ಗೋಣಿಗೆ ತುಂಬಿಸಿದೆ.

“ಟ್ರಾನ್ಸ್‌ಫಾರ್ಮರ್ ಬೇಡ್ವಾ ಮಾಷ್ಟ್ರೇ?” ಎಂದ ಮಮ್ಮು.

“ಅದೆಲ್ಲ ದುಡ್ಡಿದ್ದವರ ಶೋಕಿ, ಮಮ್ಮು. ನನ್ನದು ಗೋಡೆಯಿಂದ ನೇರ ಕರೆಂಟು ಕುಡಿಯುವ ಜಾತಿ!”

“ಹಾಗಾದ್ರೆ ಆ ಗೋಡೆ ಹತ್ರ ನಾನು ಬರೂದಿಲ್ಲ,” ಎಂದು ಅವನು ನಕ್ಕ. ನಾನೂ ನಕ್ಕೆ. ಆಗ ನಗು ಬರುತ್ತಿತ್ತು.

ಪ್ರೇಮಾವತಿಯ ಹಪ್ಪಳದ ಡಬ್ಬಿಯನ್ನು ಮಗುಚಿ, ತೂತು ಕೊರೆದು ವಾಲ್ವುಗಳನ್ನು ಕೂರಿಸಿದೆ. ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕಟ್ಟಿದೆ. ಸ್ವಿಚ್ ಒತ್ತಿದೆ. ವಾಲ್ವುಗಳು ಕೆಂಪಗಾದವು! “ಹಲೋ,” ಎಂದೆ. ಮಡಕೆಯೂ “ಹಲೋ” ಎಂದಿತು! ನನಗೆ ಆನಂದಬಾಷ್ಪವೇ ಬಂತು. ಆದರೆ ನಾನು ಬಾಯಿ ಮುಚ್ಚಿದರೂ ಮಡಕೆ ಮುಚ್ಚಲಿಲ್ಲ. ಗುಂಯ್ಯ್ ಎಂದು ಒಂದೇ ಸಮನೆ ರಾಗ.

“ಎಂತದ್ದು ಅದು? ಹೆಜ್ಜೇನು ತಂದು ಮಡಕೆಯಲ್ಲಿ ಹಾಕಿದ್ರಾ?” ಎಂದು ಒಳಗಿನಿಂದ ಪ್ರಶ್ನೆ ಬಂತು.

ಪುಸ್ತಕ ತೆಗೆದು ನೋಡಿದೆ. ಗುಂಯ್ಗುಟ್ಟಿದರೆ ಡಬ್ಬಿಯಿಂದ ಒಂದು ತಂತಿ ಎಳೆದು, ಕಬ್ಬಿಣದ ಸರಳಿಗೆ ಕಟ್ಟಿ, ಸದಾ ಒದ್ದೆಯಿರುವ ಮಣ್ಣಿನಲ್ಲಿ ಹುಗಿಯಬೇಕಂತೆ. ಇದಕ್ಕೆ ಅರ್ಥಿಂಗು ಎಂದು ಹೆಸರು. ನಮ್ಮ ಅಂಗಳದಲ್ಲಿ ಸದಾ ಒದ್ದೆಯಿರುವ ಮಣ್ಣು ಎಲ್ಲುಂಟು? ಪ್ರೇಮಾವತಿ ದಿನಾ ಬೆಳಿಗ್ಗೆ ಮಿಂದು ಬಂದು ಚೆಂಬುಗಟ್ಟಲೆ ನೀರು ಹೊಯ್ಯುವ ತುಳಸಿಕಟ್ಟೆಯಲ್ಲಿ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಪೂಜೆಗೆಂದು ತುಳಸಿಯ ಪಕ್ಕ ನೆಲ್ಲಿಕೊಂಬೆ ನೆಟ್ಟಾಗಿತ್ತು. ಹೆಂಡತಿ ಬಾವಿಕಟ್ಟೆಗೆ ಹೋದ ಹೊತ್ತು ನೋಡಿ, ಕೊಂಬೆಯ ಮರೆಯಲ್ಲಿ ಸರಳು ಹುಗಿದೆ. ತಂತಿಯನ್ನು ಮಾವಿನೆಲೆಯ ತೋರಣದೊಳಗೆ ಅಡಗಿಸಿದೆ. ಗುಂಯ್ಯ್ ನಿಂತೇಹೋಯಿತು! ವಿಜ್ಞಾನವೂ ಧರ್ಮವೂ ಕೈಕೈ ಹಿಡಿದ ಆ ಕ್ಷಣದಲ್ಲಿ ನನ್ನಂಥ ಗಂಡಸು ಈ ತಾಲೂಕಿನಲ್ಲೇ ಇಲ್ಲ ಅನ್ನಿಸಿತು.

ಪೂಜೆಯ ಸಂಜೆ ಬಂತು. ಕೋಣೆಯೊಳಗಿದ್ದ ಯಂತ್ರವನ್ನು ಚಾವಡಿಗೆ ಸಾಗಿಸಿ, ಗಡಿಬಿಡಿಯಲ್ಲಿ ಪ್ಲಗ್ಗು ಚುಚ್ಚಿದೆ. ಎರಡು ಕಾಲಿನ ಪ್ಲಗ್ಗು. ಹೇಗೆ ಚುಚ್ಚಿದರೂ ಹೋಗುತ್ತದೆ. ಅದೇ ಗ್ರಹಚಾರ! ಒಂದು ಬಗೆಯಲ್ಲಿ ಚುಚ್ಚಿದರೆ ಡಬ್ಬಿ ಪರಮ ಸಾಧು. ತಿರುಗಿಸಿ ಚುಚ್ಚಿದರೆ ಗೋಡೆಯ ಕರೆಂಟು ಡಬ್ಬಿಗೆ, ಡಬ್ಬಿಯಿಂದ ತಂತಿಗೆ, ತಂತಿಯಿಂದ ತುಳಸಿಕಟ್ಟೆಗೆ! ಇದು ನನಗೆ ಗೊತ್ತಿರಲಿಲ್ಲ ಸ್ವಾಮಿ. ವಿಜ್ಞಾನದ ಮಾಸ್ತರನಿಗೆ!

ಬೀಗರು ಬಂದರು. ಕಾಲು ತೊಳೆದರು. ಮಡಕೆಯಿಂದ ಹೊರಟ ನನ್ನ ಸ್ವಾಗತ ಭಾಷಣ ಕೇಳಿ ನೋಣಯ್ಯ ಮೀಸೆ ತೀಡಿ ಮೆಚ್ಚಿದರು. “ಮೊದಲು ತುಳಸಿಗೆ ಒಂದು ಕೈ ಮುಗಿದು ಬರ್ತೇನೆ, ಮತ್ತೆ ವೀಳ್ಯ,” ಎನ್ನುತ್ತಾ ಸೇಸಮ್ಮ ಒದ್ದೆ ಕಾಲಿನಲ್ಲೇ ಅಂಗಳಕ್ಕೆ ಇಳಿದರು. ಚೆಂಬಿನಿಂದ ನೀರು ಹೊಯ್ದು ಕಟ್ಟೆಯನ್ನು ಮುಟ್ಟಿದರು.

“ಹ್ಹೋ ಹ್ಹೋ ಹ್ಹೋ!”

ಚೆಂಬು ಹಾರಿ ಬಾಳೆಯ ಬುಡಕ್ಕೆ ಬಿತ್ತು. ಸೇಸಮ್ಮ ಅಡಿಯಿಂದ ಮುಡಿಯವರೆಗೆ ನಡುಗಿ, ಹಿಂದಕ್ಕೆ ಜಿಗಿದು, ನೆಲದಲ್ಲಿ ಕೂತುಬಿಟ್ಟರು.

“ಎಂತ ಅಕ್ಕ? ಎಂತ ಆಯ್ತು?” ಎನ್ನುತ್ತಾ ನೋಣಯ್ಯ ಓಡಿದವರು ಆಧಾರಕ್ಕೆಂದು ಕಟ್ಟೆಗೇ ಕೈ ಊರಿದರು. ಅವರೂ “ಹ್ಹೋ!” ಎಂದರು. ಮುಂಡಾಸು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ!

ನನಗೆ ಅದುವರೆಗೆ ಹೊಳೆಯದ ವಿಜ್ಞಾನವೆಲ್ಲ ಒಮ್ಮೆಗೇ ಹೊಳೆಯಿತು! ಚಾವಡಿಗೆ ಹಾರಿ ಪ್ಲಗ್ಗು ಕಿತ್ತೆ. ಕಿತ್ತದ್ದನ್ನು ಬಿಡಲೂ ತೋಚದೆ, ವಯರನ್ನು ಬಾಲದ ಹಾಗೆ ಎಳೆದುಕೊಂಡು ಅಂಗಳಕ್ಕೆ ಬಂದೆ. ಪುಣ್ಯಕ್ಕೆ ಇಬ್ಬರೂ ಎದ್ದು ನಿಂತಿದ್ದರು. ಆದರೆ ನೋಣಯ್ಯನವರ ಮುಖ ಬಿಳಿಚಿಕೊಂಡಿತ್ತು.

“ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ನಿಮ್ಮ ಮನೆಯ ದೈವಕ್ಕೆ ಈ ಸಂಬಂಧ ಬೇಡ ಅಂತ ಕಾಣ್ತದೆ. ಮುಟ್ಟಿದ ಕೂಡಲೇ ದೂಡಿತು ಮಾರಾಯ್ರೇ! ಅಕ್ಕ, ಹೋಗುವ.”

ಬಾಗಿಲ ಬಳಿ ಪಾಯಸದ ಲೋಟ ಹಿಡಿದು ನಿಂತಿದ್ದ ನೀಲಾವತಿಯ ಕಣ್ಣು ತುಂಬಿತು. ನಿಜ ಹೇಳಲೇ? ‘ದೈವ ಅಲ್ಲ ನೋಣಯ್ಯನವರೇ, ನಿಮ್ಮ ಅಕ್ಕನ ಮೈಗೆ ಕರೆಂಟು ಬಿಟ್ಟವನು ನಾನು’ ಎಂದರೆ ಸಂಬಂಧ ಉಳಿಯುತ್ತದೆಯೇ? ನಾನು ಉಳಿಯುತ್ತೇನೆಯೇ?

ಅಷ್ಟರಲ್ಲಿ ಪ್ರೇಮಾವತಿ ಅಡುಗೆಮನೆಯಿಂದ ಸರಸರನೆ ಬಂದಳು. ನನ್ನ ಮುಖ ನೋಡಿದಳು. ನನ್ನ ಕೈ ನೋಡಿದಳು. ನೇರ ಹೋಗಿ ಕಟ್ಟೆಗೆ ಎರಡೂ ಕೈ ಊರಿದಳು. “ಹ್ಹೋ!” ಎಂದು ನಡುಗತೊಡಗಿದಳು!

ನಾನು ಕಲ್ಲಾದೆ. ಯಾಕೆಂದರೆ ಪ್ಲಗ್ಗು ನನ್ನ ಮುಷ್ಟಿಯಲ್ಲೇ ಇತ್ತು!

ನೋಣಯ್ಯ ಹೆಗಲಿನ ಶಾಲು ಸೊಂಟಕ್ಕೆ ಬಿಗಿದು ಕೈ ಜೋಡಿಸಿದರು. “ಏನು ಅಪ್ಪಣೆ ಸ್ವಾಮಿ? ತಪ್ಪಾಯಿತೇ?”

“ತಪ್ಪಿಲ್ಲ!” ಎಂದು ಪ್ರೇಮಾವತಿ ಗುಡುಗಿದಳು. ಅಂಥ ಸ್ವರಕ್ಕೆ ಯಾವ ಆಂಪ್ಲಿಫೈಯರೂ ಬೇಡ! “ದೂಡಲಿಲ್ಲ ನಾನು, ಅಪ್ಪಿಕೊಂಡೆ! ತಾಯಿಯನ್ನು ಮುಟ್ಟಿದೆ, ಮಾವನನ್ನು ಮುಟ್ಟಿದೆ. ಇನ್ಯಾರನ್ನಾದರೂ ಮುಟ್ಟಿದೆನೇ? ಇದು ಒಪ್ಪಿಗೆ! ವೀಳ್ಯ ಬದಲಾಗಲಿ!”

“ಅಪ್ಪಣೆ, ಅಪ್ಪಣೆ!” ನೋಣಯ್ಯನವರ ಮುಖ ಅರಳಿತು. ಸೇಸಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು.

“ಆದರೆ ಒಂದು ಮಾತು!” ನಡುಗುವ ಬೆರಳೊಂದು ನೇರ ನನ್ನತ್ತ ತಿರುಗಿತು. “ಈ ಮನೆಯ ಯಜಮಾನ ಇನ್ನು ಜನ್ಮದಲ್ಲಿ ತಾಮ್ರದ ಬಳ್ಳಿ ಮುಟ್ಟಬಾರದು! ಮುಟ್ಟಿದರೆ ಮುಂದಿನ ಸಲ ಅವನನ್ನೇ ಹಿಡಿಯುತ್ತೇನೆ!”

“ಒಪ್ಪಿಕೊಳ್ಳಿ ಮಾಷ್ಟ್ರೇ, ಒಪ್ಪಿಕೊಳ್ಳಿ!” ಎಂದು ನೋಣಯ್ಯ ಅಂಗಲಾಚಿದರು. ಅಂಗಳವಿಡೀ ನನ್ನನ್ನೇ ನೋಡುತ್ತಿತ್ತು. ನಾನು ಕೈ ಮುಗಿದೆ, ಎರಡು ಅಂಗೈಗಳ ನಡುವೆ ಪ್ಲಗ್ಗು ಇಟ್ಟುಕೊಂಡೇ.

ಬೀಗರು ವೀಳ್ಯ ಕೊಟ್ಟು, ಪಾಯಸ ಕುಡಿದು, ಸಂತೋಷದಿಂದ ಬಸ್ಸು ಹತ್ತಿದ ಮೇಲೆ ನಾನು ಅಡುಗೆಮನೆಗೆ ಹೋದೆ. ಅವಳು ಏನೂ ಆಗದವಳಂತೆ ಪಾತ್ರೆ ತೊಳೆಯುತ್ತಿದ್ದಳು.

“ಅಲ್ಲ ಮಾರಾಯ್ತಿ, ಪ್ಲಗ್ಗು ನನ್ನ ಕೈಯಲ್ಲೇ ಇತ್ತಲ್ಲ! ಕರೆಂಟು ಇಲ್ಲದೆ ನೀನು ಅಷ್ಟು ಚಂದ ನಡುಗಿದ್ದು ಹೇಗೆ?”

ಅವಳು ತಲೆ ಎತ್ತಲೂ ಇಲ್ಲ.

“ನಿಮ್ಮ ಒಟ್ಟಿಗೆ ಸಂಸಾರ ಮಾಡುವವಳಿಗೆ ನಡುಗ್ಲಿಕ್ಕೆ ಬೇರೆ ಕರೆಂಟು ಬೇಕಾ?”