ಅಮ್ಮನ ಹೊಸ ರಿವಾಲ್ವರಿನ ಅವಸರದ ಕುರಿತು

ರಿವಾಲ್ವರ್ ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಾನು ಕಾಲೇಜಿನ ಮೊದಲ ವರ್ಷದವಳು; ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ವಾರ್ಡನ್‌ಗೆ ರಜೆ ಕೇಳುವ ಪತ್ರ ಬಿಟ್ಟರೆ ಬೇರೆ ಬರೆದು ಗೊತ್ತಿಲ್ಲ. ನಡುವೆ ಎಲ್ಲಾದರೂ ‘ಹೊಟ್ಟೆನೋವಿನ ನಿಮಿತ್ತ’ ಎಂದು ಬಂದುಬಿಟ್ಟರೆ ದಯವಿಟ್ಟು ದಾಟಿಕೊಂಡು ಓದಿ. ತಮಗೆ ಇಂಗ್ಲಿಷಿನಲ್ಲಿ ಮೇಲ್ ಕೂಡ ಕಳಿಸಿದ್ದೆ. ‘ನೀವು ನಮಗೆ ಅಮೂಲ್ಯರು’ ಎಂಬ ಉತ್ತರ ನಾನು ಫೋನ್ ಕೆಳಗಿಡುವಷ್ಟರಲ್ಲಿ ಬಂತು. ಅಷ್ಟು ಬೇಗ ನನ್ನ ಬೆಲೆಯನ್ನು ಯಾರೂ ಗುರುತಿಸಿದ್ದಿಲ್ಲ. ಆಮೇಲೆ ಏನೂ ಬಾರದ್ದರಿಂದ ಈಗ ಎಲ್ಲರೂ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ನನ್ನ ಅಮ್ಮ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲಿಗಿದ್ದಾಳೆ. ಬ್ಯಾಂಕಿನವರು ಈ ವರ್ಷ ಅವಳ ಹಳೆಯ ರಿವಾಲ್ವರ್ ವಾಪಸು ಪಡೆದು ತಮ್ಮ ಕಾರ್ಖಾನೆಯ ಹೊಸ ಮಾದರಿಯನ್ನು ಕೊಟ್ಟರು. ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಸ್ವಭಾವ ಮಾತ್ರ ಸ್ವಲ್ಪ ಅವಸರದ್ದು. ಟ್ರಿಗರ್ ಅನ್ನು ರಪ್ಪನೆ ಎಳೆದರೆ ಗುಂಡು ತುಂಬಿದ ಸಿಲಿಂಡರ್ ತಿರುಗಿ ತನ್ನ ಜಾಗದಲ್ಲಿ ಕೂರುತ್ತದೆ. ಗುರಿಯಿಟ್ಟು ನಿಧಾನವಾಗಿ ಎಳೆದರೆ ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಡುತ್ತದೆ. ಆಗ ಹ್ಯಾಮರಿನ ಏಟು ಗುಂಡಿನ ನಡುವಿಗೆ ಬೀಳದೆ ಅಂಚಿಗೆ ಬಿದ್ದು, ಗುಂಡು ಹಾರದೆ ಟಕ್ಕೆಂದು ಸದ್ದಾಗುತ್ತದೆ, ಅಷ್ಟೇ.

ಅಮ್ಮ ಜನ್ಮದಲ್ಲಿ ಯಾವುದನ್ನೂ ರಪ್ಪನೆ ಮಾಡಿದವಳಲ್ಲ. ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡಿದ ಮೇಲೂ ಬೀದಿಯ ತಿರುವಿನಿಂದ ವಾಪಸು ಬರುವವಳು. ತಮ್ಮ ಸರ್ವಿಸ್ ಸೆಂಟರಿನ ಯುವಕರು ರಿವಾಲ್ವರನ್ನು ರಪರಪನೆ ಹಾರಿಸಿ ನೋಡಿ, ದೋಷವಿಲ್ಲವೆಂಬ ಸರ್ಟಿಫಿಕೇಟಿನೊಂದಿಗೆ ಹಿಂದಿರುಗಿಸಿದರು. ‘ಸ್ವಲ್ಪ ಫಾಸ್ಟಾಗಿ ಎಳೀರಿ ಮೇಡಂ, ಸರಿಹೋಗುತ್ತೆ’ ಎಂಬ ಸಲಹೆಯನ್ನೂ ಉಚಿತವಾಗಿಯೇ ಕೊಟ್ಟರು. ಗುರಿಯಿಡುವ ಕೆಟ್ಟ ಚಟದಿಂದ ಮನುಷ್ಯರನ್ನು ಬಿಡಿಸಲು ಹೊರಟಿರುವ ತಮ್ಮ ದೂರದೃಷ್ಟಿಗೆ ನನ್ನ ನಮಸ್ಕಾರಗಳು.

ಹಳೆಯದನ್ನು ಹೊಗಳಿ ತಮ್ಮ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ಅದೇನು ಸಾಧು ಪ್ರಾಣಿಯಾಗಿರಲಿಲ್ಲ. ಒಮ್ಮೆ ಅದರೊಳಗಿನ ತುಂಡೊಂದು ಸವೆದಾಗ, ಬಂದೂಕು ರಿಪೇರಿಯ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಅದೇ ಮಾದರಿಯ ಇನ್ನೊಂದರಿಂದ ತುಂಡು ತೆಗೆದು ಹಾಕಲು ಹೋದರೆ ಅದು ಸುತರಾಂ ಒಪ್ಪಲಿಲ್ಲ, ಏಕೆಂದರೆ ಯಾರೋ ಒಬ್ಬ ಕೆಲಸಗಾರ ಅದರ ಪ್ರತಿಯೊಂದು ತುಂಡನ್ನೂ ಆ ಒಂದೇ ರಿವಾಲ್ವರಿಗೆಂದು ಅರದಿಂದ ಉಜ್ಜಿ ಉಜ್ಜಿ ಕೂರಿಸಿದ್ದ. ಮಾವ ವಾರಗಟ್ಟಲೆ ಉಜ್ಜಿದರು, ಆ ಕೆಲಸಗಾರನ ವಂಶವನ್ನೆಲ್ಲ ಬೈದರು, ಸರಿಹೋದ ಮೇಲೆ ಕೀರ್ತಿಯನ್ನು ಪೂರ್ತಿ ತಾವೇ ಇಟ್ಟುಕೊಂಡರು. ಮನೆಗೆ ಬಂದ ಯಾರಿಗೂ ಆ ಕಥೆ ತಪ್ಪಿದ್ದಲ್ಲ. ತಮ್ಮಲ್ಲಿ ಆ ರಗಳೆಯಿಲ್ಲ. ತಮ್ಮ ಯಾವ ತುಂಡಾದರೂ ಯಾವ ರಿವಾಲ್ವರಿಗಾದರೂ ಹೊಂದುತ್ತದಂತೆ, ಹಾಗಾಗಿ ಯಾವುದಕ್ಕೂ ಸರಿಯಾಗಿ ಹೊಂದುವ ಹಟ ಅದಕ್ಕಿಲ್ಲ.

ಅಮ್ಮ ಹೊಸದನ್ನೂ ಮಾವನಿಗೆ ತೋರಿಸಿದಳು. ‘ಒಳಗಡೆ ಸಿಲಿಂಡರ್ ತಳ್ಳೋ ತುಂಡು ಗಿಡ್ಡ ಆಗಿದೆ ಕಣಮ್ಮ. ಒಂದು ಮಧ್ಯಾಹ್ನದ ಕೆಲಸ, ಆದರೆ ನನ್ನ ಕೈ ಕಟ್ಟಿಹಾಕಿದ್ದಾರಲ್ಲ’ ಅಂದರು. ಕಟ್ಟಿಹಾಕಿದ್ದು ಸ್ಕ್ರೂ ಮೇಲಿರುವ ತಮ್ಮ ಸೀಲು. ಅದು ಹರಿದರೆ ವಾರಂಟಿ ಹೋಗುತ್ತದೆ, ವಾರಂಟಿ ಹೋದದ್ದನ್ನು ಬ್ಯಾಂಕು ಒಪ್ಪುವುದಿಲ್ಲ. ಕೆಟ್ಟಿರುವವರೆಗೆ ಅದಕ್ಕೆ ವಾರಂಟಿ, ಸರಿಮಾಡಿದರೆ ಇಲ್ಲ.

ಹೀಗಾಗಿ ಅಮ್ಮ ಈಗ ಎಡಗೈ ಹೆಬ್ಬೆರಳಿನಿಂದ ಸಿಲಿಂಡರನ್ನು ಒಂಚೂರು ತಳ್ಳಿ ಹಾರಿಸುವುದನ್ನು ಕಲಿತಿದ್ದಾಳೆ. ಬೆರಳ ತುದಿ ಸುಟ್ಟು ಕಪ್ಪಾಗಿದೆ. ಸೋಮವಾರ ಕಾವಲಿನವರ ವಾರ್ಷಿಕ ಗುಂಡು ಹಾರಿಸುವ ಪರೀಕ್ಷೆ. ಅಭ್ಯಾಸದ ದಿನವೇ ಪರೀಕ್ಷಾಧಿಕಾರಿಗಳು, ‘ನೋಡೀಮ್ಮಾ, ಈ ಹೆಬ್ಬೆರಳಿನ ಆಟ ನಿಯಮದಲ್ಲಿಲ್ಲ’ ಅಂದುಬಿಟ್ಟಿದ್ದಾರೆ. ಹೆಬ್ಬೆರಳಿದ್ದರೆ ಫೇಲು, ಇಲ್ಲದಿದ್ದರೆ ಟಕ್ಕು. ಫೇಲಾದವರಿಗೆ ಆ ಬಾಗಿಲಲ್ಲಿ ಕೆಲಸವಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಬ್ಯಾಂಕು ದೋಚಲು ಬರುವವರು ಅಮ್ಮ ಹೆಬ್ಬೆರಳು ಕೂರಿಸಿಕೊಳ್ಳುವವರೆಗೆ ತಾಳ್ಮೆಯಿಂದ ಕಾಯಬೇಕೆಂಬ ಪ್ರಕಟಣೆಯೊಂದನ್ನು ತಮ್ಮ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿಕೊಟ್ಟರೆ ಬಾಗಿಲಿಗೆ ಅಂಟಿಸುತ್ತೇವೆ. ಅದು ಕಷ್ಟವಾದರೆ ಸರ್ವಿಸ್ ಸೆಂಟರಿನ ಯುವಕನೊಬ್ಬನನ್ನು ಪರೀಕ್ಷೆಗೆ ಕಳಿಸಿ: ಅಮ್ಮ ಗುರಿಯಿಡಲಿ, ಅವನು ರಪ್ಪನೆ ಎಳೆಯಲಿ. ಅದೂ ಆಗದಿದ್ದರೆ, ನನ್ನ ಮಾವ ಸೀಲು ತೆಗೆದು ರಿಪೇರಿ ಮಾಡಿದರೂ ವಾರಂಟಿ ಉಳಿಯುತ್ತದೆ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು.

ಹೆಚ್ಚಿಗೆ ಬರೆದು ತಲೆ ತಿಂದಿದ್ದರೆ ಮತ್ತೊಮ್ಮೆ ಕ್ಷಮೆಯಿರಲಿ.

ತಮ್ಮ ವಿಶ್ವಾಸಿ,
ವಿಶ್ವಾಸವನ್ನು ಸೋಮವಾರದವರೆಗೆ ಉಳಿಸಿಕೊಂಡಿರುವ
ಕಾವಲುಗಾರ್ತಿಯ ಮಗಳು

ತಾ.ಕ.: ರಿವಾಲ್ವರ್ ಇಟ್ಟು ಕಳಿಸಿದ ಪೆಟ್ಟಿಗೆ ಅದ್ಭುತವಾಗಿದೆ. ಮುಚ್ಚಳ ಹೇಗೆ ಮುಚ್ಚಿದರೂ ಸರಿಯಾಗಿ ಕೂರುತ್ತದೆ, ಚಿಲಕ ಒಮ್ಮೆಯೂ ತಪ್ಪಿಲ್ಲ. ಪೆಟ್ಟಿಗೆ ಮಾಡುವವರಿಗೆ ಬಿಡುವಿದ್ದರೆ ರಿವಾಲ್ವರನ್ನೂ ಅವರ ಕೈಯಲ್ಲೇ ಮಾಡಿಸುವ ಬಗ್ಗೆ ಯೋಚಿಸಿ. ಆ ಯೋಚನೆಗೆ ಎಷ್ಟು ವರ್ಷ ಬೇಕಾದರೂ ತೆಗೆದುಕೊಳ್ಳಿ. ಆ ಒಂದು ಸಾಲನ್ನು ಮಾತ್ರ ಶನಿವಾರದೊಳಗೆ ಕಳಿಸಿ, ಮಾವನಿಗೆ ಒಂದು ಮಧ್ಯಾಹ್ನ ಬೇಕು.